ಸರಸಂಬಾದ ತೊಗರಿ, ಸೊಲ್ಲಾಪುರದ ಬಿಲ್ಲು, ದಿಲ್ಲಿಯ ಲೆಕ್ಕ

ತೊಗರಿ ರಾಶಿ ಮುಗಿಯುವ ಹೊತ್ತಿಗೆ ಆಳಂದ ತಾಲ್ಲೂಕಿನ ಸರಸಂಬಾ ಸುತ್ತಿನ ಹಳ್ಳಿಗಳಲ್ಲಿ ವರ್ಷದ ಬಾಕಿಗಳೆಲ್ಲ ಒಟ್ಟಿಗೇ ಬಾಗಿಲಿಗೆ ಬರುತ್ತವೆ. ಕಿರಾಣಿ ಅಂಗಡಿಯ ಉದ್ರಿ, ಗೊಬ್ಬರದ ಬಾಕಿ, ಅಡತಿಯಲ್ಲಿ ಎತ್ತಿದ ಮುಂಗಡ, ಮಕ್ಕಳ ಸಾಲಿಯ ಫೀಜು. ಮಳೆಯನ್ನೇ ನೆಚ್ಚಿದ ಈ ಎರೆನೆಲದಲ್ಲಿ ಎಕರೆಗೆ ನಾಲ್ಕು ಕ್ವಿಂಟಲ್ ಬಿದ್ದರೆ ಒಳ್ಳೆಯ ಬೆಳೆ ಎಂದೇ ಲೆಕ್ಕ. 2025-26ಕ್ಕೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ ₹8,000. ಆ ಬೆಲೆ ನಿಜವಾಗಿಯೂ ಕೈಗೆ ಸಿಕ್ಕರೆ ಐದು ಎಕರೆಯ ರೈತನಿಗೆ ಬರುವುದು ₹1.60 ಲಕ್ಷ. ಬೀಜ, ಎಣ್ಣೆ ಹೊಡೆಸಿದ ಖರ್ಚು, ಕಟಾವಿನ ಕೂಲಿ ಅದರಲ್ಲೇ ಕಳೆಯಬೇಕು. ನೆಟೆ ರೋಗ ಬಂದ ವರ್ಷವಾದರೆ ಕಳೆಯುವುದಕ್ಕೂ ಏನೂ ಉಳಿದಿರುವುದಿಲ್ಲ.

ಇಂಥ ಮನೆಯ ಹಿರಿಯನಿಗೆ ಎದೆ ಹಿಡಿಯಿತು ಎಂದುಕೊಳ್ಳಿ. ‘ತಡ ಮಾಡಬ್ಯಾಡ್ರಿ, ಸೊಲ್ಲಾಪುರಕ್ಕ ಒಯ್ರಿ’ ಎನ್ನುತ್ತಾರೆ ಊರವರು. ಒಂದು ಕಡೆ ಕಲಬುರಗಿ, ಇನ್ನೊಂದು ಕಡೆ ಮಹಾರಾಷ್ಟ್ರದ ಸೊಲ್ಲಾಪುರ; ದವಾಖಾನೆಯ ವಿಷಯದಲ್ಲಿ ಗಡಿಯ ಜನ ರಾಜ್ಯದ ಗೆರೆ ನೋಡಿದವರಲ್ಲ. ಎರಡು ಎಕರೆ ಲಾವಣಿಗೆ ಹೋಗುತ್ತದೆ, ಕೊರಳ ಬೋರಮಾಳ ಗಿರವಿ ಅಂಗಡಿ ಸೇರುತ್ತದೆ, ಎದೆಗೆ ಸ್ಟೆಂಟು ಬೀಳುತ್ತದೆ.

ದೇಶದ ಆರ್ಥಿಕ ಲೆಕ್ಕದಲ್ಲಿ ಇದೆಲ್ಲ ಬೆಳವಣಿಗೆ. ಆಸ್ಪತ್ರೆಯ ಬಿಲ್ಲು, ಲ್ಯಾಬಿನ ಚೀಟಿ, ಮೆಡಿಕಲ್ ಶಾಪಿನ ಔಷಧ, ಬಾಡಿಗೆ ಗಾಡಿ ಎಲ್ಲವೂ ಒಟ್ಟು ಆಂತರಿಕ ಉತ್ಪನ್ನಕ್ಕೆ, ಅಂದರೆ ಜಿಡಿಪಿಗೆ, ಕೂಡುತ್ತವೆ. ಲಾವಣಿಗೆ ಹೋದ ಹೊಲ, ಗಿರವಿಗೆ ಬಿದ್ದ ಚಿನ್ನ, ನೂರಕ್ಕೆ ಮೂರರ ಬಡ್ಡಿಯ ಸಾಲ ಇವನ್ನು ಅದರಲ್ಲಿ ಕಳೆಯುವ ಪದ್ಧತಿ ಇಲ್ಲ. ಆ ವರ್ಷ ಮನೆ ಬಡವಾಯಿತು. ದೇಶ ಅಷ್ಟರಮಟ್ಟಿಗೆ ಬೆಳೆಯಿತು. ಅದೇ ಊರಿನಲ್ಲಿ ನೀರಿನ ಟ್ಯಾಂಕು ಹೊತ್ತಿಗೆ ಸರಿಯಾಗಿ ತೊಳೆದು, ಕ್ಲೋರಿನ್ ಹಾಕಿ, ವಾಂತಿಭೇದಿ ಬಾರದಂತೆ ನೋಡಿಕೊಂಡರೆ ಲೆಕ್ಕಕ್ಕೆ ಸಿಗುವುದು ಬ್ಲೀಚಿಂಗ್ ಪೌಡರಿನ ಬೆಲೆ ಮತ್ತು ನೀರುಗಂಟಿಯ ಸಂಬಳ, ಅಷ್ಟೆ. ಸರ್ಕಾರಿ ದವಾಖಾನೆಗಳ ‘ಉತ್ಪನ್ನ’ವನ್ನು ಅಳೆಯುವುದೂ ಹೀಗೆಯೇ: ಅಲ್ಲಿ ಎಷ್ಟು ಖರ್ಚಾಯಿತೋ ಅಷ್ಟೇ ಅದರ ಬೆಲೆ. ಎಷ್ಟು ಜನ ಗುಣವಾದರು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಆರೋಗ್ಯಕ್ಕೆ ಹೆಚ್ಚು ಖರ್ಚು ಮಾಡಿದ ದೇಶ ಹೆಚ್ಚು ಬೆಳೆಯುತ್ತದೆಯೋ, ಬೆಳೆದ ದೇಶ ಆರೋಗ್ಯಕ್ಕೆ ಹೆಚ್ಚು ಖರ್ಚು ಮಾಡುತ್ತದೆಯೋ ಎಂದು ಅರ್ಥಶಾಸ್ತ್ರಜ್ಞರು ಅರ್ಧ ಶತಮಾನದಿಂದ ಜಗಳವಾಡುತ್ತ ಬಂದಿದ್ದಾರೆ. ಸ್ಯಾಮ್ಯುಯೆಲ್ ಪ್ರೆಸ್ಟನ್ 1975ರಲ್ಲಿ ದೇಶಗಳ ಆದಾಯವನ್ನೂ ಜನರ ಆಯುಷ್ಯವನ್ನೂ ಒಂದೇ ನಕ್ಷೆಯಲ್ಲಿಟ್ಟು ನೋಡಿದರು. ಬಡ ದೇಶದಲ್ಲಿ ಆದಾಯ ತುಸು ಏರಿದರೂ ಆಯುಷ್ಯ ಬಹಳ ಏರುತ್ತದೆ, ಶ್ರೀಮಂತ ದೇಶಗಳಲ್ಲಿ ಗೆರೆ ಹೆಚ್ಚುಕಡಿಮೆ ಮಲಗಿಬಿಡುತ್ತದೆ. 1993ರ ನೊಬೆಲ್ ಪಡೆದ ರಾಬರ್ಟ್ ಫೋಗಲ್, ಎರಡು ಶತಮಾನಗಳಲ್ಲಿ ಬ್ರಿಟನ್ ಕಂಡ ತಲಾದಾಯ ಬೆಳವಣಿಗೆಯ ಸುಮಾರು ಶೇ 30ರಷ್ಟು ಪಾಲು ಜನ ಹೊಟ್ಟೆತುಂಬ ಉಂಡು ಗಟ್ಟಿಯಾದದ್ದರಿಂದ ಬಂತು ಎಂದರು. ಬ್ಲೂಮ್, ಕ್ಯಾನಿಂಗ್, ಸೆವಿಲ್ಲಾ 2004ರಲ್ಲಿ ಲೆಕ್ಕಹಾಕಿ, ಸರಾಸರಿ ಆಯುಷ್ಯ ಒಂದು ವರ್ಷ ಹೆಚ್ಚಿದರೆ ಉತ್ಪನ್ನ ಶೇ 4ರಷ್ಟು ಹೆಚ್ಚುತ್ತದೆ ಎಂದರು. ಮೂರೇ ವರ್ಷಕ್ಕೆ ಅಸೆಮೊಗ್ಲು ಮತ್ತು ಜಾನ್ಸನ್ ಅಡ್ಡ ಬಂದರು: ಆಯುಷ್ಯದ ಜೊತೆ ಜನಸಂಖ್ಯೆಯೂ ಏರುತ್ತದೆ, ತಲಾದಾಯ ಹೆಚ್ಚಿದ್ದಕ್ಕೆ ಪುರಾವೆ ಇಲ್ಲ ಎಂಬುದು ಅವರ ವಾದ. ಈ ಜಗಳ ಮುಗಿದಿಲ್ಲ. ಮುಗಿಯಬೇಕಾದ ಅವಸರವೂ ಇಲ್ಲ. ಖರ್ಚಿನ ಮೊತ್ತವೊಂದರಿಂದಲೇ ಆರೋಗ್ಯ ಬರುವುದಿಲ್ಲ ಎನ್ನುವುದಕ್ಕಂತೂ ಅಮೆರಿಕ ಕಣ್ಣೆದುರಿಗಿದೆ. ಜಿಡಿಪಿಯ ಶೇ 17ಕ್ಕೂ ಹೆಚ್ಚನ್ನು ಚಿಕಿತ್ಸೆಗೆ ಸುರಿಯುವ ಆ ದೇಶದ ಸರಾಸರಿ ಆಯುಷ್ಯ 2023ರಲ್ಲಿ 78.4 ವರ್ಷ. ಶೇ 4ರ ಆಸುಪಾಸಿನಲ್ಲಿ ಸಂಸಾರ ತೂಗಿಸುವ ಶ್ರೀಲಂಕಾ ಅದರ ಬೆನ್ನ ಹಿಂದೆಯೇ ನಿಂತಿದೆ.

ಕಲಬುರಗಿ ಜಿಲ್ಲೆಯ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಇಷ್ಟು ದೊಡ್ಡದಲ್ಲ, ಆದರೆ ಇದಕ್ಕಿಂತ ಚುರುಕಾದದ್ದು. ಯಾರ ದುಡ್ಡು, ಯಾವ ಹೊತ್ತಿಗೆ, ಯಾವುದಕ್ಕೆ?

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಆಗಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಎಂದು ಗುರುತಿಸಿ, ಅದರಲ್ಲಿ 39ನ್ನು ‘ಅತ್ಯಂತ ಹಿಂದುಳಿದ’ ಪಟ್ಟಿಗೆ ಸೇರಿಸಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ 39ರಲ್ಲಿದ್ದವು. ರಸ್ತೆ, ನೀರಾವರಿ, ಬ್ಯಾಂಕುಗಳ ಜೊತೆ ಹತ್ತು ಸಾವಿರ ಜನಕ್ಕೆ ಎಷ್ಟು ವೈದ್ಯರಿದ್ದಾರೆ, ಸರ್ಕಾರಿ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಇವೆ ಎಂಬುದನ್ನೂ ಸಮಿತಿ ಅಳತೆಗೋಲು ಮಾಡಿಕೊಂಡಿತ್ತು. ಇಪ್ಪತ್ತು ವರ್ಷ ಕಳೆದ ಮೇಲೂ ರಾಜ್ಯದ ಆರ್ಥಿಕ ಸಮೀಕ್ಷೆಯ ತಲಾದಾಯ ಪಟ್ಟಿಯ ಮೇಲ್ತುದಿಗೆ ಬೆಂಗಳೂರು ನಗರ, ತಳದಲ್ಲಿ ಕಲಬುರಗಿ. ಬೆಂಗಳೂರಿನವನ ಐದು ರೂಪಾಯಿಗೆ ಕಲಬುರಗಿಯವನದು ಒಂದು ರೂಪಾಯಿ ಎಂದರೆ ತಪ್ಪಾಗದು.

ಸರಿಯಾದ ಹೊತ್ತಿಗೆ ಸರಿಯಾದ ಕಡೆ ಮಾಡಿದ ಖರ್ಚು ಏನು ಮಾಡಬಲ್ಲದು ಎಂಬುದಕ್ಕೆ ಈ ಒಣಸೀಮೆಯಲ್ಲೇ ಒಂದು ಪಾಠವಿದೆ. ಈಗಿನ ಹುಡುಗರಿಗೆ ಅದರ ಹೆಸರೂ ಗೊತ್ತಿಲ್ಲ. ನಾರುಹುಣ್ಣು.

ಮೆಟ್ಟಿಲು ಬಾವಿಗೆ ಇಳಿದು, ಮೊಣಕಾಲು ಮಟ್ಟ ನೀರಲ್ಲಿ ನಿಂತು ಕೊಡ ಮುಳುಗಿಸುತ್ತಿದ್ದ ಕಾಲ ಅದು. ಕಣ್ಣಿಗೆ ಕಾಣದ ನೀರ ಹುಳದ ಹೊಟ್ಟೆಯಲ್ಲಿದ್ದ ಮರಿ, ಕುಡಿದವರ ಮೈಸೇರಿ ಸುಮಾರು ಒಂದು ವರ್ಷದಲ್ಲಿ ಎರಡು-ಮೂರು ಅಡಿಯ ದಾರದಂಥ ಹುಳುವಾಗಿ ಕಾಲಿನಲ್ಲಿ ಬೊಕ್ಕೆ ಎಬ್ಬಿಸುತ್ತಿತ್ತು. ಬೊಕ್ಕೆ ಒಡೆದ ಮೇಲೆ ಹೊರಬಂದ ತುದಿಯನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಷ್ಟು ಎಳೆಯಬೇಕು. ಅವಸರಕ್ಕೆ ತುಂಡಾದರೆ ಕಾಲು ಬಾತು ಕೀವಾಗುತ್ತಿತ್ತು. ಉರಿ ತಾಳದೆ ಅದೇ ಕಾಲನ್ನು ಬಾವಿಯ ನೀರಿಗೆ ಇಟ್ಟರೆ ಹುಳು ಮರಿಗಳನ್ನು ಅಲ್ಲಿಯೇ ಬಿಡುತ್ತಿತ್ತು. ಮುಂದಿನ ವರ್ಷದ ಬೆಳೆಗೆ ಬೀಜ ಬಿದ್ದಂತೆ. ಬಾವಿಯ ನೀರು ತಳ ಕಾಣುವ ಬೇಸಗೆಯಲ್ಲಿ ರೋಗ ಹರಡುತ್ತಿತ್ತು, ವರ್ಷ ತುಂಬಿ ಮುಂದಿನ ಬೇಸಗೆ ಮತ್ತು ಬಿತ್ತನೆಯ ಹೊತ್ತಿಗೆ ಹುಳು ಹೊರಗೆ ಬರುತ್ತಿತ್ತು. ಮಿರ್ಗ ಮಳೆ ಬಿದ್ದು ಹೊಲ ಹದಕ್ಕೆ ಬಂದಾಗ ಒಕ್ಕಲಿಗ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿರುತ್ತಿದ್ದ. ನೈಜೀರಿಯಾದ ಆಗ್ನೇಯ ಭಾಗದ ಭತ್ತದ ರೈತರ ಮೇಲೆ 1987ರಲ್ಲಿ ಯುನಿಸೆಫ್ ಮಾಡಿದ ಅಧ್ಯಯನ, ಈ ಒಂದು ಹುಳುವಿನಿಂದ ವರ್ಷಕ್ಕೆ 2 ಕೋಟಿ ಡಾಲರ್ ನಷ್ಟವಾಗುತ್ತಿದೆ ಎಂದು ಅಂದಾಜು ಮಾಡಿತ್ತು.

ಇದಕ್ಕೆ ಲಸಿಕೆ ಇರಲಿಲ್ಲ, ಗುಳಿಗೆ ಇರಲಿಲ್ಲ. ಇಂದಿಗೂ ಇಲ್ಲ. 1983-84ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಮಾಡಿದ್ದು ಬಹಳ ಸಾದಾ ಕೆಲಸ: ಮೆಟ್ಟಿಲು ಬಾವಿಗೆ ಕಟ್ಟೆ ಕಟ್ಟಿಸಿ ಸೇದುವ ಬಾವಿ ಮಾಡುವುದು, ಬೋರು ಕೊರೆಸಿ ಕೈಪಂಪು ಕೂಡಿಸುವುದು, ನೀರನ್ನು ದಟ್ಟ ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಮನೆಮನೆಗೆ ಹೇಳುವುದು. ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ಉತ್ತರದ ಒಣಜಿಲ್ಲೆಗಳೇ ಇಲ್ಲಿ ಅದರ ನೆಲೆ. ಭಾರತದ ಕೊನೆಯ ರೋಗಿ ಸಿಕ್ಕಿದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶಕ್ಕೆ ಪ್ರಮಾಣಪತ್ರ ಕೊಟ್ಟಿತು. ಆಮೇಲೆ ಪ್ರತಿ ವರ್ಷ ಬಿತ್ತನೆಗೆ ಎದ್ದುನಿಂತ ಕಾಲುಗಳು ಎಷ್ಟು ಕ್ವಿಂಟಲ್ ತೊಗರಿ, ಎಷ್ಟು ಜೋಳ ಹೆಚ್ಚಿಗೆ ಬೆಳೆದವೋ, ಅದು ಕೃಷಿಯ ಖಾತೆಗೆ ಹೋಯಿತು. ಆರೋಗ್ಯ ಇಲಾಖೆಯ ಹೆಸರು ಎಲ್ಲಿಯೂ ಬರಲಿಲ್ಲ.

ಇದರ ತದ್ವಿರುದ್ಧದ ಪಾಠವೂ ಆಳಂದದ ತಾಂಡಾಗಳಲ್ಲಿಯೇ ಇದೆ. ಅದನ್ನು ನೆನೆಯುವುದು ಕಷ್ಟ.

ಹೊಟ್ಟೆನೋವು, ಬಿಳಿಮುಟ್ಟು, ಸೊಂಟನೋವು ಎಂದು ಕಲಬುರಗಿಯ ಖಾಸಗಿ ದವಾಖಾನೆಗಳಿಗೆ ಹೋದ ಲಂಬಾಣಿ ಮತ್ತು ದಲಿತ ಹೆಂಗಸರಿಗೆ ಗರ್ಭಚೀಲ ಕೆಟ್ಟಿದೆ, ಬಿಟ್ಟರೆ ಕ್ಯಾನ್ಸರ್ ಆದೀತು ಎಂದು ಹೆದರಿಸಿ ತೆಗೆದುಹಾಕಿದ ಪ್ರಕರಣಗಳು 2015ರಲ್ಲಿ ಬಯಲಿಗೆ ಬಂದವು. ಕರ್ನಾಟಕ ಜನಾರೋಗ್ಯ ಚಳವಳಿಯ ಸತ್ಯಶೋಧನಾ ತಂಡ ಊರೂರಿಗೆ ಹೋಗಿ ಹೆಂಗಸರನ್ನು ಮಾತಾಡಿಸಿತು. ಆರೋಗ್ಯ ಇಲಾಖೆಯ ತನಿಖೆಯಲ್ಲಿ 30 ತಿಂಗಳಲ್ಲಿ 2,200ಕ್ಕೂ ಹೆಚ್ಚು ಇಂಥ ಶಸ್ತ್ರಚಿಕಿತ್ಸೆಗಳು ಲೆಕ್ಕಕ್ಕೆ ಸಿಕ್ಕವು. ಅರ್ಧದಷ್ಟು ಹೆಂಗಸರು 40 ದಾಟಿದವರಲ್ಲ. ಕೆಲವು ಆಸ್ಪತ್ರೆಗಳ ಪರವಾನಗಿ ಕಿತ್ತುಕೊಳ್ಳಲಾಯಿತು. ಇತರ ರಾಜ್ಯಗಳ ಇಂಥದೇ ದೂರಿನ ಮೇಲೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಅನವಶ್ಯಕವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಪಾಲಿಸಬೇಕೆಂದು ಹೇಳಿತು.

ಜಿಡಿಪಿಯ ಕಣ್ಣಿಗೆ ಇದೂ ಆರೋಗ್ಯ ಸೇವೆಯೇ. ಒಂದೊಂದು ಶಸ್ತ್ರಚಿಕಿತ್ಸೆಯೂ ಉತ್ಪನ್ನ. ಆ ಹೆಂಗಸರು ಆಮೇಲೆ ಕಳೆ ತೆಗೆಯಲು ಬಗ್ಗಲಾಗದೆ, ಪುಣೆ-ಮುಂಬೈಗೆ ಗುಳೆ ಹೋಗಿ ಇಟ್ಟಿಗೆ ಹೊರಲಾಗದೆ ಅರ್ಧ ಕೂಲಿಗೆ ಇಳಿದದ್ದು ಬೇರೆ ಯಾವುದೋ ಕಾಲಮ್ಮಿನಲ್ಲಿ, ಕಾರಣ ಬರೆಯದೆ, ಕಡಿಮೆಯಾಗಿ ಬಂದಿರುತ್ತದೆ. ಒಂದೇ ರೂಪಾಯಿ ಒಂದು ಕಡೆ ಬೆಳವಣಿಗೆಯಾಗಿ, ಇನ್ನೊಂದು ಕಡೆ ಕುಸಿತವಾಗಿ ಕೆಲಸ ಮಾಡುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಸಿಗುವುದು ಕಷ್ಟ. ‘ಕಸುವಿಲ್ಲ’ ಎಂದು ಹೋದವರಿಗೆಲ್ಲ ಒಂದು ಸೂಜಿ ಮಾಡಿ ಸಲೈನ್ ಹಚ್ಚುವ ಹಳ್ಳಿ ಕ್ಲಿನಿಕ್ಕುಗಳದೂ ಇದೇ ಜಾತಿಯ ಖರ್ಚು, ಮೊತ್ತ ಮಾತ್ರ ಸಣ್ಣದು. ಉಪ್ಪುನೀರು ಕೈಗೆ ಏರಿದ ದಿನ ಹಗುರ ಅನಿಸುತ್ತದೆ. ರಕ್ತಹೀನತೆ ಹಾಗೇ ಉಳಿಯುತ್ತದೆ.

ಸರ್ಕಾರದ ದುಡ್ಡು ಮುಂದಾಗಿಯೇ ಬಂದು ನಿಂತರೆ ಏನಾಗುತ್ತದೆ? ಇದಕ್ಕೆ ಉತ್ತರ ಕೊಡುವ, ಜಗತ್ತೆಲ್ಲ ಓದಿದ ಅಧ್ಯಯನವೊಂದು ಹುಟ್ಟಿದ್ದು ಇದೇ ವಿಭಾಗದಲ್ಲಿ ಶುರುವಾದ ಯೋಜನೆಯಿಂದ. ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಜಾರಿಯಾದದ್ದು ಗುಲಬರ್ಗಾ ವಿಭಾಗದಲ್ಲಿ, ಕೆಲವೇ ತಿಂಗಳಲ್ಲಿ ಬೆಳಗಾವಿ ವಿಭಾಗಕ್ಕೆ ವಿಸ್ತರಿಸಿತು. ಬಿಪಿಎಲ್ ಕುಟುಂಬ ಒಂದು ಪೈಸೆ ಕಂತು ಕಟ್ಟಬೇಕಿರಲಿಲ್ಲ. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ನರ, ಸುಟ್ಟಗಾಯದಂಥ ದೊಡ್ಡ ಕಾಯಿಲೆಗಳಿಗೆ ವರ್ಷಕ್ಕೆ ₹1.50 ಲಕ್ಷದವರೆಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಆಸ್ಪತ್ರೆಗೇ ನೇರವಾಗಿ ಕೊಡುತ್ತಿತ್ತು. ದೊಡ್ಡ ಆಸ್ಪತ್ರೆಗಳ ವೈದ್ಯರು ಹಳ್ಳಿಗಾಡಿಗೆ ಬಂದು ಶಿಬಿರ ನಡೆಸಿ ರೋಗಿಗಳನ್ನು ಆರಿಸಿ ಕರೆದೊಯ್ಯುತ್ತಿದ್ದರು. ರಾಜ್ಯದ ದಕ್ಷಿಣ ಭಾಗಕ್ಕೆ ಯೋಜನೆ ಇನ್ನೂ ಇಳಿದಿರಲಿಲ್ಲ.

ಸಂಶೋಧಕರಿಗೆ ಬೇಕಾದದ್ದು ಇದೇ. ನೀರಜ್ ಸೂದ್ ಮತ್ತು ಸಂಗಡಿಗರು, ಅವರಲ್ಲಿ ಬೆಂಗಳೂರಿನ ಐಐಎಂನ ಅರ್ನಬ್ ಮುಖರ್ಜಿಯೂ ಒಬ್ಬರು, ಯೋಜನೆ ಇದ್ದ ಸೀಮೆಯ ದಕ್ಷಿಣ ಅಂಚಿನ ಗುಂಟ ಆಚೀಚೆಯ 572 ಹಳ್ಳಿಗಳ 60 ಸಾವಿರಕ್ಕೂ ಹೆಚ್ಚು ಮನೆಗಳಿಗೆ ಹೋದರು. ಮಳೆ ಒಂದೇ, ಮಣ್ಣು ಒಂದೇ, ಮಾತು ಒಂದೇ. ಈಚಿನವರಿಗೆ ಕಾರ್ಡಿದೆ, ಆಚಿನವರಿಗಿಲ್ಲ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಫಲಿತಾಂಶದ ಪ್ರಕಾರ, ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಸತ್ತವರ ಪ್ರಮಾಣ ಯೋಜನೆಯಿದ್ದ ಬಡ ಮನೆಗಳಲ್ಲಿ ಶೇ 0.32, ಇಲ್ಲದ ಕಡೆ ಶೇ 0.90. ಅಂದರೆ ಸಾವಿರಕ್ಕೆ ಮೂರು, ಆಚೆ ಒಂಬತ್ತು. ಬಡತನ ರೇಖೆಗಿಂತ ಮೇಲಿನವರಲ್ಲಿ ಆಚೀಚೆ ವ್ಯತ್ಯಾಸವೇ ಕಾಣಲಿಲ್ಲ. ಹಾಗಾಗಿ ಇಳಿಕೆಗೆ ಊರಿನ ನೀರು-ಗಾಳಿ ಕಾರಣವಲ್ಲ ಎನ್ನಬಹುದು. ದೊಡ್ಡ ಆಸ್ಪತ್ರೆ ಸೇರಿದವರು ಕೈಯಿಂದ ಹಾಕುವ ದುಡ್ಡೂ ಗಣನೀಯವಾಗಿ ಇಳಿದಿತ್ತು. ಒಂದು ಅಧ್ಯಯನವನ್ನೇ ವೇದವಾಕ್ಯ ಮಾಡಿಕೊಳ್ಳಬೇಕಾಗಿಲ್ಲ, ಇಷ್ಟು ದೊಡ್ಡ ವ್ಯತ್ಯಾಸ ಕಂಡಾಗ ಹುಬ್ಬೇರಿಸುವುದೂ ಸಹಜ. ಆದರೂ ಹಿಂದುಳಿದ ಸೀಮೆಯಿಂದ ಶುರುಮಾಡಿ ದಕ್ಷಿಣಕ್ಕೆ ಇಳಿದ ಸರ್ಕಾರಿ ಯೋಜನೆಗಳು ಬೆರಳೆಣಿಕೆಯಷ್ಟು ಎಂಬುದನ್ನು ಮರೆಯಬಾರದು. ಎಂದಿನ ದಿಕ್ಕು ಇದಕ್ಕೆ ಉಲ್ಟಾ.

2018ರಲ್ಲಿ ಈ ಯೋಜನೆ ಆರೋಗ್ಯ ಕರ್ನಾಟಕದಲ್ಲಿ, ಮುಂದೆ ಆಯುಷ್ಮಾನ್ ಭಾರತದ ಜೊತೆ ಕೂಡಿಹೋಯಿತು. ಮಿತಿ ₹5 ಲಕ್ಷಕ್ಕೆ ಏರಿತು. ಗಡಿಯಲ್ಲಿ ಇದಕ್ಕೆ ರಾಜಕೀಯದ ಒಗ್ಗರಣೆಯೂ ಬಿತ್ತು. 2023ರ ಆರಂಭದಲ್ಲಿ ಮಹಾರಾಷ್ಟ್ರ ಸರ್ಕಾರ ತಾನು ಹಕ್ಕು ಸಾಧಿಸುವ ಕರ್ನಾಟಕದ 865 ಗಡಿ ಊರುಗಳಿಗೂ ತನ್ನ ಮಹಾತ್ಮ ಫುಲೆ ಜನಾರೋಗ್ಯ ಯೋಜನೆಯನ್ನು ವಿಸ್ತರಿಸಿತು. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಗಟ್ಟಿಯಾಗಿಯೇ ಆಕ್ಷೇಪಿಸಿದರು. ರೋಗಿಯ ಬಿಲ್ಲು ತಾನು ಕಟ್ಟುತ್ತೇನೆಂದು ಎರಡು ಸರ್ಕಾರಗಳು ಜಟಾಪಟಿಗೆ ನಿಂತ ಇಂಥ ಪ್ರಸಂಗ ಅಪರೂಪ.

ದೇಶದ ಅಂಕಿಗಳೂ ಒಂದಷ್ಟು ಸರಿದಿವೆ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದಂತೆ 2013-14ರಲ್ಲಿ ಒಟ್ಟು ಆರೋಗ್ಯ ವೆಚ್ಚದ ಶೇ 64.2ರಷ್ಟನ್ನು ಜನ ಸ್ವಂತ ಕಿಸೆಯಿಂದ ಕೊಡುತ್ತಿದ್ದರು, 2021-22ಕ್ಕೆ ಅದು ಶೇ 39.4ಕ್ಕೆ ಬಂತು. ಅದೇ ಅವಧಿಯಲ್ಲಿ ಕೇಂದ್ರ ಮತ್ತು ರಾಜ್ಯಗಳ ಖರ್ಚು ಜಿಡಿಪಿಯ ಶೇ 1.15ರಿಂದ ಶೇ 1.84ಕ್ಕೆ ಏರಿತು. ಕೊನೆಯ ಎರಡು ವರ್ಷ ಕೋವಿಡ್ ಕಾಲದವು ಎಂಬುದನ್ನು ಸೇರಿಸಿಯೇ ಇದನ್ನು ಓದಬೇಕು. 2025ರೊಳಗೆ ಶೇ 2.5 ಮುಟ್ಟಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತ್ತು. ಆರೋಗ್ಯಕ್ಕೆ ಹಾಕಿದ ದುಡ್ಡು ಬೆಳವಣಿಗೆಗೆ ಬಂಡವಾಳ ಎಂದು ವಾದಿಸಿದ ವಿಶ್ವ ಆರೋಗ್ಯ ಸಂಸ್ಥೆಯ 2001ರ ಆಯೋಗದಲ್ಲಿ ಮನಮೋಹನ್ ಸಿಂಗ್ ಸದಸ್ಯರಾಗಿದ್ದರು. ಅವರು ಪ್ರಧಾನಿಯಾದ ಮರುವರ್ಷ, 2005ರ ಏಪ್ರಿಲ್‌ನಲ್ಲಿ, ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂತು. ಅದರೊಂದಿಗೆ ಆಶಾ ಕಾರ್ಯಕರ್ತೆಯೂ ಬಂದಳು.

ಕಲಬುರಗಿಗೆ ಈಗ ದೊಡ್ಡ ಕಟ್ಟಡಗಳ ಕೊರತೆ ಇಲ್ಲ. ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್, ಸೇಡಂ ರಸ್ತೆಯ ಇಎಸ್ಐ ಆಸ್ಪತ್ರೆ, ಕಿದ್ವಾಯಿಯ ಶಾಖೆ ಇವೆ. 2024ರ ಡಿಸೆಂಬರ್‌ನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಹೊಸ ಆಸ್ಪತ್ರೆ ತೆರೆಯಿತು. ಹಾಸಿಗೆಗಳ ಸಂಖ್ಯೆ 371. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ನೆನಪಿಗೆಂದು ಇಟ್ಟ ಲೆಕ್ಕ. ಎದೆನೋವಿನವರನ್ನು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಒಯ್ಯುವ ಧಾವಂತ ಇದರಿಂದ ತಗ್ಗೀತು, ಸಂತೋಷದ ಮಾತೇ. ಆದರೆ ಕಟ್ಟಡಕ್ಕೆ ಉದ್ಘಾಟನೆಯ ಕಲ್ಲು ಇರುತ್ತದೆ, ರಕ್ತದೊತ್ತಡದ ಗುಳಿಗೆಗೆ ಇರುವುದಿಲ್ಲ ಎಂಬುದು ಎಲ್ಲ ಪಕ್ಷದ ಸರ್ಕಾರಗಳಿಗೂ ಗೊತ್ತು.

ನಿಜವಾದ ಆರ್ಥಿಕತೆ ಇರುವುದು ಆ ಗುಳಿಗೆಯ ಮಟ್ಟದಲ್ಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಕರ್ನಾಟಕದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4 ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 2009ರ ಕೊನೆಗೆ ಗುಲಬರ್ಗಾದಿಂದ ಬೇರೆಯಾದ ಯಾದಗಿರಿಯಲ್ಲಿ ಅಂಥ ಮಕ್ಕಳು ಅರ್ಧಕ್ಕಿಂತ ಹೆಚ್ಚು. ತೊಗರಿ ಕಣಜವೆಂದು ಹೆಸರಾದ ಸೀಮೆಯ ಮಕ್ಕಳ ತಟ್ಟೆಗೆ ಬೇಳೆ ಎಷ್ಟು ಬೀಳುತ್ತಿದೆ ಎಂದು ಕೇಳಲೇಬೇಕಾಗುತ್ತದೆ. 1970ರ ದಶಕದಲ್ಲಿ ಇಂಡೋನೇಷ್ಯಾದ ರಬ್ಬರ್ ತೋಟಗಳಲ್ಲಿ ರಕ್ತಹೀನತೆಯಿದ್ದ ಕೂಲಿಗಳಿಗೆ ಕಬ್ಬಿಣಾಂಶದ ಗುಳಿಗೆ ಕೊಟ್ಟು ನೋಡಿದ ಪ್ರಯೋಗವಿದೆ. ಕೆಲವೇ ವಾರಗಳಲ್ಲಿ ಅವರು ಇಳಿಸುವ ಹಾಲಿನ ಪ್ರಮಾಣ ಆರೋಗ್ಯವಂತರದ್ದಕ್ಕೆ ಹತ್ತಿರ ಬಂದಿತ್ತು. ಅಫಜಲಪುರದ ಕಬ್ಬಿನ ಗದ್ದೆಯಲ್ಲಿ, ಜೇವರ್ಗಿಯ ಹತ್ತಿ ಹೊಲದಲ್ಲಿ ಮಧ್ಯಾಹ್ನದ ಹೊತ್ತಿಗೆ ‘ಕಣ್ಣಿಗಿ ಕತ್ತಲಿ ಬರ್ತದ’ ಎಂದು ಬದುವಿನ ಮೇಲೆ ಕೂರುವ ಹೆಂಗಸಿಗೂ ಬೇಕಾದದ್ದು ಅದೇ ಕೆಂಪು ಗುಳಿಗೆ.

ಅದನ್ನು ಮನೆಗೆ ತಂದುಕೊಟ್ಟು, ನುಂಗಿದರೋ ಇಲ್ಲವೋ ಎಂದು ಮತ್ತೆ ಬಂದು ಕೇಳುವವಳು ಆಶಾ. 2024ರಲ್ಲಿ ಕೋಲಾರದಿಂದ ಶುರುವಾದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆ ತಪಾಸಣೆಯ ಓಡಾಟವೂ ಬಹುಪಾಲು ಅವಳ ಹೆಗಲಿಗೇ ಬಂದಿದೆ. ಸರ್ಕಾರದ ಕಡತದಲ್ಲಿ ಅವಳು ನೌಕರಳಲ್ಲ, ಸ್ವಯಂಸೇವಕಿ. ಸಿಗುವುದು ಗೌರವಧನ ಮತ್ತು ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. 2025ರ ಜನವರಿಯ ಚಳಿಯಲ್ಲಿ ರಾಜ್ಯದ ಮೂಲೆಮೂಲೆಯಿಂದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂದು ಹಗಲೂ ರಾತ್ರಿ ಕೂತರು. ನಾಲ್ಕನೆಯ ದಿನ, ಪ್ರೋತ್ಸಾಹಧನ ಸೇರಿಸಿ ತಿಂಗಳಿಗೆ ಕನಿಷ್ಠ ₹10,000 ಸಿಗುವಂತೆ ಮಾಡುವುದಾಗಿ ಸರ್ಕಾರ ಒಪ್ಪಿತು. ಅವರು ಕೇಳಿದ್ದು ₹15,000.